ವೀರಭದ್ರಮ್ಮನ ದೋಣಿಗೆ ಎಷ್ಟು ಕುದುರೆ

ಮಾನ್ವಿಯಲ್ಲಿ ವೀರಭದ್ರಮ್ಮನ ತೂಕ ಎಷ್ಟೆಂದು ಬಲ್ಲವರು ಒಬ್ಬರೂ ಇರಲಿಲ್ಲ. ಗಂಡ ಶಂಭುಲಿಂಗಪ್ಪನದು ಅಕ್ಕಿ ಮಿಲ್ಲು. ಗೇಟಿನ ಬಳಿ ಲಾರಿ ತೂಗುವ ವೇಬ್ರಿಜ್ಜು, ಒಳಗೆ ಚೀಲ ತೂಗುವ ಕಾಟಾ, ಆಫೀಸಿನ ಮೇಜಿನ ಮೇಲೆ ಮಾದರಿ ಅಕ್ಕಿ ತೂಗುವ ಪುಟ್ಟ ತಕ್ಕಡಿ. ತೂಗುತ್ತಲೇ ಉಂಡು ಬೆಳೆದ ಮನೆತನ ಅದು. ನೀರಮಾನ್ವಿಯಿಂದ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ವೀರಭದ್ರಮ್ಮ ಅವುಗಳಲ್ಲಿ ಒಂದರ ಮೇಲೂ ಕಾಲಿಟ್ಟಿರಲಿಲ್ಲ.

ದವಾಖಾನೆಯಲ್ಲಿ ನರ್ಸಮ್ಮ "ಕಾಟಾದ ಮ್ಯಾಲ ನಿಂದರ್ರಿ" ಅನ್ನುವಷ್ಟರಲ್ಲಿ, "ಯವ್ವಾ, ನಿನ್ನ ಮೂಗುಬೊಟ್ಟು ಭಾಳ ಚಂದ ಅದ, ಎಲ್ಲಿ ಮಾಡಿಸಿದಿ?" ಎಂದು ಶುರು ಹಚ್ಚುತ್ತಿದ್ದಳು. ನರ್ಸಮ್ಮ ಅಕ್ಕಸಾಲಿಗನ ಹೆಸರು ಹೇಳಿ ಮುಗಿಸಿದಾಗ ವೀರಭದ್ರಮ್ಮ ಡಾಕ್ಟರ ಎದುರು ಕುಂತು ನಾಲಿಗೆ ತೋರಿಸುತ್ತಿರುತ್ತಿದ್ದಳು. ಸೊಸೆ ಸ್ವಪ್ನಾ ತವರಿನಿಂದ ನಿಂತು ತೂಕ ನೋಡಿಕೊಳ್ಳುವ ಒಂದು ಗಾಜಿನ ಹಲಗೆ ತಂದಿದ್ದಳು. ಅತ್ತೆ ಅದರ ಮೇಲೆ ಮಾವಿನ ಉಪ್ಪಿನಕಾಯಿ ಜಾಡಿ ಇಟ್ಟು, "ಇದಕ್ಕ ಇದು ಬರೋಬ್ಬರಿ ಕುಂದರತದ ನೋಡು" ಎಂದಳು. ಅಂದಿನಿಂದ ಆ ಮನೆಯಲ್ಲಿ ಜಾಡಿಯ ತೂಕ ಎಲ್ಲರಿಗೂ ಬಾಯಿಪಾಠ.

ಉಳಿದಂತೆ ಆಕೆಗೆ ಯಾವುದರ ಅಂಜಿಕೆಯೂ ಇರಲಿಲ್ಲ. ಗೇಟಿಗೆ ಅಡ್ಡ ನಿಲ್ಲಿಸಿದ ಲಾರಿಯನ್ನು ಬರೀ ಕಣ್ಣಿನಿಂದ ಹಿಂದಕ್ಕೆ ಸರಿಸುತ್ತಿದ್ದಳು. ಮಿಲ್ಲಿನ ಇಬ್ಬರು ಪಾಲುದಾರರು ಜಗಳಾಡಿ ಮಾತು ಬಿಟ್ಟಾಗ ಇಬ್ಬರನ್ನೂ ಊಟಕ್ಕೆ ಕರೆದು, ಒಂದೇ ತಟ್ಟೆಯಲ್ಲಿ ಹೋಳಿಗೆ ಬಡಿಸಿ, ಮಾತಾಡುವ ತನಕ ತುಪ್ಪ ಹಾಕಿರಲಿಲ್ಲ. ತುಪ್ಪಕ್ಕಾಗಿ ಮಾತಾಡಿದರು.

ಶಂಭುಲಿಂಗಪ್ಪನ ಹುಚ್ಚೇ ಬೇರೆ. ಯಂತ್ರ ಯಾವುದೇ ಇರಲಿ, ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು ಬೇಕು. ಅವನು ತಂದ ಮಿಕ್ಸರ್ ಮೊದಲ ದಿನವೇ ಶೇಂಗಾ ಚಟ್ನಿಯನ್ನು ಮಾಳಿಗೆಗೆ ಬಳಿಯಿತು. ಅವನು ತಂದ ಕೂಲರ್ ಪಡಸಾಲೆಯಲ್ಲಿ ಹಚ್ಚಿದರೆ ದೇವರ ಕೋಣೆಯ ದೀಪ ಆರುತ್ತಿತ್ತು. ಹಿತ್ತಲಿನ ಬಾವಿಗೆ ಇಳಿಸಿದ ಪಂಪು ನೀರನ್ನೆಲ್ಲ ಒಂದೇ ಉಸಿರಿಗೆ ಎಳೆದು, ಆಮೇಲೆ ಒಂದು ಕಪ್ಪೆಯನ್ನೂ ಎಳೆಯಿತು. ಕಪ್ಪೆ ಬದುಕಿತು. ಪಂಪು ಬದುಕಲಿಲ್ಲ.

ಇಂಥ ಗಂಡ ಹೆಂಡತಿಗೆ ದೋಣಿ ಯಾಕೆ ಬೇಕಾಯಿತೆಂದರೆ, ಮಗಳು ವಿಜಯಲಕ್ಷ್ಮಿಯನ್ನು ಕೃಷ್ಣಾ ನದಿಯ ಆಚೆ ದಂಡೆಗೆ ಕೊಟ್ಟಿದ್ದರು. ಈಚೆ ದಂಡೆಯಲ್ಲಿ, ದೇವದುರ್ಗದ ಕಡೆ, ವೀರಭದ್ರಮ್ಮನ ತಮ್ಮ ಮೌನೇಶನ ಹೊಲವಿತ್ತು. ಹತ್ತಿ ವ್ಯಾಪಾರದ ಮೌನೇಶ ಅಕ್ಕನಷ್ಟೇ ಕಟ್ಟುಮಸ್ತು. ಅವನ ಹೊಲದಲ್ಲಿ ನಿಂತರೆ ಮಗಳ ಮನೆಯ ಮಾಳಿಗೆ ಕಾಣುತ್ತದೆ. ಮಾಳಿಗೆಯ ಮೇಲೆ ಒಣಹಾಕಿದ ಸೀರೆಯ ಅಂಚೂ ಕಾಣುತ್ತದೆ. ಆದರೆ ಮನೆ ಮುಟ್ಟಬೇಕೆಂದರೆ ಕಾರು ಹತ್ತಿ, ಸೇತುವೆ ಇರುವಲ್ಲಿಗೆ ಸುತ್ತು ಹಾಕಿ, ಅರ್ಧ ದಿನ ಧೂಳು ಕುಡಿಯಬೇಕು. ಹೊಳೆ ದಾಟಿಸುವ ಹರಿಗೋಲೊಂದು ಇತ್ತು, ಆದರೆ ಸಾವ್ಕಾರರ ಮನೆಯವರು ಮೇಕೆಗಳ ಜೊತೆ ಅದರಲ್ಲಿ ಕೂಡುವುದುಂಟೇ?

ಒಂದು ಭಾನುವಾರ ವೀರಭದ್ರಮ್ಮ ಈಚೆ ದಂಡೆಯಿಂದ ಫೋನು ಮಾಡಿ, "ಆ ಹಸಿರು ಸೀರಿ ಬಿಸಿಲಿಗಿ ಬಣ್ಣ ಹೋಗತದ, ತಗಿಯವ್ವಾ" ಎಂದಳು. ಆಚೆ ದಂಡೆಯಲ್ಲಿ ಮಗಳು ಮಾಳಿಗೆ ಹತ್ತಿ ಸೀರೆ ತೆಗೆದಳು. ತಾಯಿ ಕೈ ಬೀಸಿದಳು, ಮಗಳೂ ಬೀಸಿದಳು. ಬೀಸಿ ಬೀಸಿ ಸಾಕಾಗಿ ವೀರಭದ್ರಮ್ಮ, "ಏನ್ರೀ, ಇಷ್ಟು ಹತ್ತಿರ ಇದ್ದು ಒಂದು ಕಪ್ ಚಹಾ ಕುಡಿಯಾಕ ಆಗಂಗಿಲ್ಲ ಅಂದ್ರ ಏನು ಚಂದ?" ಎಂದು ಗಂಡನನ್ನು ಕೇಳಿದಳು.

ಮೌನೇಶನ ಬಳಿ ಒಂದು ದೋಣಿ ಇತ್ತು. ಮೀನಿನ ಗುತ್ತಿಗೆ ಬಿಟ್ಟುಹೋದವನೊಬ್ಬ ಕೊಟ್ಟ ಹದಿನಾಲ್ಕು ಅಡಿಯ ಫೈಬರ್ ದೋಣಿ. ಅದನ್ನು ಬೋರಲು ಹಾಕಿ, ಕೆಳಗೆ ಕೋಳಿ ಸಾಕಿದ್ದ. ಕೋಳಿಗಳನ್ನು ಎಬ್ಬಿಸಿ, ದೋಣಿ ತೊಳೆದು, ಕಾಗದಪತ್ರ ಮಾಡಿಸಿ, ನೀರಿಗೆ ಬಿಟ್ಟದ್ದಾಯಿತು. ತೇಲಿತು. ಅದಕ್ಕೆ ಹಿಂದೆ ಕಟ್ಟುವ ಇಂಜಿನ್ನು ಎಷ್ಟು ದೊಡ್ಡದು ಬೇಕು ಎನ್ನುವುದಷ್ಟೇ ಉಳಿದಿತ್ತು. ಅದೊಂದನ್ನು ಬಿಟ್ಟು ಬೇರೆ ಎಲ್ಲ ಸುಲಭವಾಗಿತ್ತೆಂದು ಆಮೇಲೆ ಗೊತ್ತಾಯಿತು.

ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ ಅಲ್ತಾಫನ ಪಂಪ್‌ಸೆಟ್ ಅಂಗಡಿ. ಶಂಭುಲಿಂಗಪ್ಪನಿಗೆ ಆ ಕಪ್ಪೆ ಎಳೆದ ಪಂಪು ಕೊಟ್ಟವನೂ ಅವನೇ. ಹೇಗೂ ಬಟ್ಟೆ ಅಂಗಡಿಗೆ ಹೋಗುವುದಿತ್ತೆಂದು ಇಡೀ ಮನೆಯೇ ಕಾರು ಹತ್ತಿತ್ತು: ಗಂಡ ಹೆಂಡತಿ, ಮಗ ಬಸವಲಿಂಗ, ಸೊಸೆ ಸ್ವಪ್ನಾ. ಮೌನೇಶ ದೇವದುರ್ಗದಿಂದ ನೇರ ಬಂದಿದ್ದ.

"ಅಲ್ತಾಫ್, ದೋಣಿ ಇಂಜಿನ್ ಬೇಕಪಾ, ಇಪ್ಪತ್ತೈದು ಕುದುರಿ ಶಕ್ತೀದು. ಇಪ್ಪತ್ತೈದು ಎಚ್‌ಪಿ," ಎಂದ ಶಂಭುಲಿಂಗಪ್ಪ, ಕೂಡುವ ಮೊದಲೇ.

ಅಲ್ತಾಫ್ ಜನ್ಮದಲ್ಲಿ ದೋಣಿ ಇಂಜಿನ್ ಮಾರಿರಲಿಲ್ಲ. ಆದರೆ ಇಲ್ಲ ಎನ್ನುವುದು ಅವನ ಅಂಗಡಿಯಲ್ಲಿ ರೂಢಿಯಿರಲಿಲ್ಲ. "ಸಿಗತದ ಸಾವ್ಕಾರ್ರ. ಮಂಗಳೂರಾಗ ನನ್ನ ಷಡ್ಡಕ ಅದನ್ನ ಮಾರತಾನ. ಕುಂದರ್ರಿ, ಚಹಾ ತರಸ್ತೀನಿ," ಎಂದು ಫೋನು ಹಚ್ಚಿದ. ಆ ಕಡೆಯಿಂದ ಷಡ್ಡಕ ಏನೇನೋ ಕೇಳಿದ. ಅಲ್ತಾಫ್ ತಲೆಯಾಡಿಸಿ, ಫೋನಿಗೆ ಅಂಗೈ ಮುಚ್ಚಿ ಹೇಳಿದ:

"ಇಪ್ಪತ್ತೈದು ಹಚ್ಚಿದ್ರ ದೋಣಿ ಹಿಂದಗಾಲ ಮ್ಯಾಲ ನಿಂದರತದಂತ್ರಿ, ಗೂಳಿ ಹಂಗ. ಮೂತಿ ಆಕಾಶಕ್ಕ, ಹಿಂಭಾಗ ನೀರಾಗ. ಮೊದಲು ಮಂದಿ ಎಷ್ಟು, ಅವರ ತೂಕ ಎಷ್ಟು ಅಂತ ಕೇಳಾಕತ್ತಾನ. ತೂಕದ ಮ್ಯಾಲ ಲೆಕ್ಕ ಅಂತ. ಅಕ್ಕಾರ, ನಿಮ್ಮಿಂದನ ಶುರು ಮಾಡೋಣು. ಎಷ್ಟ್ರೀ ನಿಮ್ಮದು?"

ಮೋಟರು ಒರೆಸುತ್ತಿದ್ದ ಕೆಲಸದವನೂ ಬಟ್ಟೆ ಹಿಡಿದು ನಿಂತ. ವೀರಭದ್ರಮ್ಮ ಎಲ್ಲಿ ನೋಡಿದರೂ ಮೂಗುಬೊಟ್ಟು ಇಟ್ಟವರು ಯಾರೂ ಕಾಣಲಿಲ್ಲ. ಅವಳ ಬಾಯಿಂದ ತಾನಾಗಿಯೇ ಒಂದು ಅಂಕಿ ಹೊರಬಿತ್ತು.

"ಐವತ್ತೆಂಟು."

ಅದು ಅವಳ ಮದುವೆಯ ವರ್ಷದ ತೂಕ, ಅದೂ ಅಂದಾಜಿನದು. ಹೇಳಿಬಿಟ್ಟು, ಈಗ ಯಾರಾದರೂ ನಗುತ್ತಾರೆ ಎಂದು ಕಾದಳು. ಯಾರೂ ನಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಯಿತು. ಎಲ್ಲರೂ ಆ ಐವತ್ತೆಂಟನ್ನು ಮರ್ಯಾದೆಯಿಂದ ಒಪ್ಪಿಕೊಂಡು ತಮ್ಮ ತಮ್ಮ ತೂಕವನ್ನು ಅದಕ್ಕೆ ಹೊಂದಿಸಿಕೊಂಡರು. ಅತ್ತೆಯೇ ಐವತ್ತೆಂಟಾದರೆ ಸೊಸೆ ಹೆಚ್ಚಿರುವುದು ಹೇಗೆ? ಸ್ವಪ್ನಾ ನೆಲ ನೋಡುತ್ತ "ಐವತ್ತು" ಎಂದಳು. ಅಕ್ಕನಷ್ಟೇ ಮೈಯಿದ್ದ ಮೌನೇಶ ಹೊಟ್ಟೆ ಒಳಗೆಳೆದು "ಅರವತ್ತು" ಎಂದ. ಬಸವಲಿಂಗ ಅವ್ವನ ಮುಖ ನೋಡಿ "ನಂದೂ ಅಷ್ಟ" ಎಂದ. ಶಂಭುಲಿಂಗಪ್ಪ ಬಡಕಲು ದೇಹದವನು. ಖರೆ ಹೇಳಿದ್ದು ಅವನೊಬ್ಬನೇ. ಆದರೆ ಆ ಗುಂಪಿನಲ್ಲಿ ಅವನೇ ದಪ್ಪ ಎನಿಸಿಬಿಟ್ಟ.

ಅಲ್ತಾಫ್ ಎಲ್ಲರನ್ನೂ ಒಮ್ಮೆ ನೋಡಿದ. ವ್ಯಾಪಾರಸ್ಥನಾದ್ದರಿಂದ ಏನೂ ಅನ್ನಲಿಲ್ಲ. ಅಂಕಿಗಳನ್ನು ಷಡ್ಡಕನಿಗೆ ಒಪ್ಪಿಸಿ, ಬಂದ ತೀರ್ಪು ಹೇಳಿದ: "ಹಗುರ ಮನೆತನ, ಎರಡೂವರಿ ಸಾಕಂತ್ರಿ."

"ಎರಡೂವರೀನಾ!" ಶಂಭುಲಿಂಗಪ್ಪ ಎದ್ದೇ ನಿಂತ. "ನನ್ನ ಕೂಲರ್ ಮೋಟರ್ ಅದಕ್ಕಿಂತ ಜೋರ್ ಅದ!"

"ಸಾವ್ಕಾರ್ರ, ನೀವು ಇಪ್ಪತ್ತೈದು ಕೇಳಿದ್ರಿ. ಬರದು ನೋಡ್ರಿ, ಎರಡು, ಐದು. ಇದ್ರಾಗೂ ಎರಡು, ಐದು. ನಡುವ ಒಂದು ಚುಕ್ಕಿ ಫರಕ."

ಶಂಭುಲಿಂಗಪ್ಪ ಹೆಂಡತಿಯ ಕಡೆ ನೋಡಿದ. ವೀರಭದ್ರಮ್ಮ ಬೇರೆ ದಿನವಾಗಿದ್ದರೆ ಅಲ್ತಾಫನ ಆ ಚುಕ್ಕಿಯನ್ನು ಹಿಡಿದು ಅವನನ್ನು ಅಂಗಡಿ ತುಂಬ ಓಡಾಡಿಸುತ್ತಿದ್ದಳು. ಅಂದು ಮಾತ್ರ, "ಸಾಕಾಗತದ ಬಿಡ್ರಿ, ಯಾಕ ಸುಮ್ನ ದೊಡ್ಡದು," ಎಂದು ಸೆರಗು ಸರಿಮಾಡಿಕೊಂಡಳು. ನೀರಿಗೆ ಬಿದ್ದರೆ ಮುಳುಗದಂತೆ ತೊಡುವ ಜಾಕೀಟುಗಳನ್ನೂ ಅಲ್ಲೇ ತರಿಸಲು ಹೇಳಿದರು. ಐವತ್ತೆಂಟು ಕೇಜಿಗೆ ಮೀಡಿಯಂ ಸೈಜು ಎಂದ ಅಲ್ತಾಫ್. ವೀರಭದ್ರಮ್ಮ ಹೂಂ ಎಂದಳು. ಹೂಂ ಎನ್ನದೆ ಇನ್ನೇನು ಮಾಡುವುದು?

ಇಂಜಿನ್ನು ಬಂತು. ಒಂದೇ ಕೈಯಲ್ಲಿ ಎತ್ತುವ ಹಾಗಿತ್ತು. ಶಂಭುಲಿಂಗಪ್ಪ ಅದನ್ನು ನೋಡಿದ್ದು ಮೊಮ್ಮಗ ಸತುವಿಲ್ಲದೆ ಹುಟ್ಟಿದರೆ ನೋಡುವ ಹಾಗೆ. ಡಿಸೆಂಬರಿನ ಒಂದು ಬೆಳಿಗ್ಗೆ ಎಲ್ಲರೂ ಮೌನೇಶನ ಹೊಲದ ದಂಡೆಗೆ ಬಂದರು. ಹೋಳಿಗೆ ಡಬ್ಬಿ, ರೊಟ್ಟಿ ಗಂಟು, ಎಣ್ಣೆಗಾಯಿ ಪಾತ್ರೆ, ಬೀಗರಿಗೆ ಒಂದು ಚೀಲ ಹೊಸ ಅಕ್ಕಿ, ಎಲ್ಲ ದೋಣಿಗೆ ಏರಿದವು. ವೀರಭದ್ರಮ್ಮ ಜಾಕೀಟು ತೊಟ್ಟಳು. ಎಡಗಡೆಯ ಪಟ್ಟಿಗೂ ಬಲಗಡೆಯ ಬಕ್ಕಲ್ಲಿಗೂ ನಡುವೆ ಅಂಗೈಯಗಲ ಸೀರೆ ಕಾಣುತ್ತಿತ್ತು. "ನನಗ ಬಿಗಿಯಾದ್ರ ಆಗಿಬರಂಗಿಲ್ಲ," ಎಂದು ಅಕ್ಕಿ ಚೀಲದ ಸುತಳಿಯಿಂದ ಅವೆರಡನ್ನೂ ಕಟ್ಟಿಕೊಂಡಳು.

ಬಸವಲಿಂಗ ಹಗ್ಗ ಎಳೆದ. ಇಂಜಿನ್ನು ಹೊಲಿಗೆ ಮಷೀನಿನ ದನಿಯಲ್ಲಿ ಹಾಡತೊಡಗಿತು. ಮೊದಲು ಫೋಟೋಕ್ಕೆಂದು ಹೊಳೆ ಹರಿಯುವ ದಿಕ್ಕಿಗೇ ಒಂದು ಸುತ್ತು ಹೊಡೆದರು. ಆಹಾ! ದಂಡೆಯ ಗಿಡಗಳು ಹಿಂದಕ್ಕೆ ಓಡಿದವು, ಗಾಳಿ ಮುಖಕ್ಕೆ ಬಡಿಯಿತು. "ಎರಡೂವರಿ ಏನು ಕಮ್ಮಿ ಇಲ್ಲ ಬಿಡು!" ಎಂದು ಶಂಭುಲಿಂಗಪ್ಪ ಟವೆಲ್ ಬೀಸಿದ. ವೀರಭದ್ರಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಸುಳ್ಳಿಗೇನೂ ತೂಕವಿಲ್ಲ ಎಂದುಕೊಂಡಳು.

ಮಗಳ ಊರು ಇದ್ದದ್ದು ಸ್ವಲ್ಪ ಮೇಲಕ್ಕೆ, ಹರಿವಿಗೆ ಎದುರಾಗಿ. ಬಸವಲಿಂಗ ದೋಣಿ ತಿರುಗಿಸಿದ. ಇಂಜಿನ್ನು ಅದೇ ಹಾಡು ಹಾಡುತ್ತಿತ್ತು, ನೀರು ಪಕ್ಕದಲ್ಲಿ ಭರದಿಂದ ಹಿಂದೆ ಹರಿಯುತ್ತಿತ್ತು, ಎಲ್ಲರಿಗೂ ಹೋಗುತ್ತಿದ್ದೇವೆ ಎಂದೇ ಅನಿಸಿತು. ದಂಡೆಯಲ್ಲಿ ಒಂದು ಜಾಲಿ ಗಿಡವಿತ್ತು. ಅದರ ಮೇಲೊಂದು ಬೆಳ್ಳಕ್ಕಿ ಕೂತಿತ್ತು. ವೀರಭದ್ರಮ್ಮ ಬೆಳ್ಳಕ್ಕಿಯನ್ನು ನೋಡಿದಳು. ಎಲೆ ಅಡಿಕೆ ಮಡಿಸಿ ಬಾಯಿಗಿಟ್ಟು ಮತ್ತೆ ನೋಡಿದಳು. ಅದೇ ಬೆಳ್ಳಕ್ಕಿ, ಅದೇ ಗಿಡ.

"ಬಸವಾ, ರೇಸ್ ಕೊಡೋ," ಎಂದ ಅಪ್ಪ.

"ಪೂರ್ತಿ ಕೊಟ್ಟೀನಿ ಯಪ್ಪಾ."

ಮೈತೊಳೆಯಲು ಇಳಿದಿದ್ದ ಎಮ್ಮೆಗಳು ಮೂತಿ ಮೇಲೆತ್ತಿಕೊಂಡು ದೋಣಿಯ ಪಕ್ಕದಲ್ಲೇ ಮುಂದೆ ಹಾದುಹೋದವು. ಕೊನೆಯದು ಒಮ್ಮೆ ತಿರುಗಿ ನೋಡಿತು. ಅಷ್ಟರಲ್ಲಿ ಹಿಂದಿನಿಂದ ತಾಯಣ್ಣನ ಹರಿಗೋಲು ಬಂತು. ಆ ದಂಡೆಯಿಂದ ಈ ದಂಡೆಗೆ ಮಂದಿ ದಾಟಿಸುವ ತಾಯಣ್ಣ ಇಂಜಿನ್ನಿನ ಸುದ್ದಿ ಕೇಳಿದಾಗಿನಿಂದ ತನ್ನ ಹೊಟ್ಟೆಯ ಮೇಲೆ ಕಲ್ಲು ಬಿತ್ತೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಂದು ಅವನ ಹರಿಗೋಲಿನಲ್ಲಿ ಒಂದು ಮೋಟರ್ ಸೈಕಲ್ಲು, ಅದರ ಯಜಮಾನ, ಎರಡು ಮೇಕೆ ಇದ್ದವು. ದಂಡೆಗೆ ಹತ್ತಿಕೊಂಡು, ಗಳ ಊರಿ ತಳ್ಳುತ್ತ, ಸಾವಕಾಶ ಬಂದು ದೋಣಿಯ ಸಮಕ್ಕೆ ನಿಂತ.

"ಯಾಕ್ರೀ ಸಾವ್ಕಾರ್ರ, ಇಲ್ಲೇ ನಿಂತೀರಿ? ಮೀನು ಹಿಡಿಯಾಕತ್ತೀರೇನು?"

"ನಿಂತಿಲ್ಲೋ ತಾಯಣ್ಣ, ಹೋಗಾಕತ್ತೀವಿ!"

"ಹೌದೇನ್ರೀ?" ತಾಯಣ್ಣ ಜಾಲಿ ಗಿಡ ನೋಡಿದ, ದೋಣಿ ನೋಡಿದ. "ಇಂಜಿನ್ ದೋಣಿ ನಾನು ಎಂದೂ ಹತ್ತಿಲ್ರಿ, ನಮಗೇನು ತಿಳೀತದ."

ವೀರಭದ್ರಮ್ಮನ ಫೋನು ಬಡಿದುಕೊಂಡಿತು. ಆಚೆ ದಂಡೆಯ ಮಾಳಿಗೆಯ ಮೇಲೆ ವಿಜಯಲಕ್ಷ್ಮಿ ನಿಂತಿದ್ದಳು. "ಯವ್ವಾ, ನೀವು ಬರಾಕತ್ತೀರೋ, ಹೋಗಾಕತ್ತೀರೋ? ಚಹಾಕ್ಕ ಇಡಲೋ ಬ್ಯಾಡೋ?"

ಭಾರ ಕಡಿಮೆ ಮಾಡಿದರೆ ಏರಬಹುದು ಎಂದ ಮೌನೇಶ. ಅಲ್ಲಿ ನೀರು ಮೊಣಕಾಲು ಮಟ್ಟ. ದೋಣಿಯನ್ನು ಬಂಡೆಗೆ ಒರಗಿಸಿ ಸಾಮಾನು ಇಳಿಸತೊಡಗಿದರು. ಅಕ್ಕಿ ಚೀಲ ಹರಿಗೋಲಿಗೆ ಹೋಯಿತು. ದೋಣಿ ಅಲುಗಲಿಲ್ಲ. ಬಸವಲಿಂಗ ದೋಣಿ ತಿರುಗಿಸುವ ಇಂಜಿನ್ನಿನ ಹಿಡಿಕೆಯನ್ನು ಅಪ್ಪನಿಗೆ ಕೊಟ್ಟು ಹರಿಗೋಲಿಗೆ ಹೋದ. ದೋಣಿ ಒಂದು ಗೇಣು ಸರಿಯಿತು. ಮೌನೇಶ ಇಳಿದ. ಇನ್ನೊಂದು ಮೊಳ. ಈಗ ದೋಣಿಯಲ್ಲಿ ಉಳಿದದ್ದು ಬಡಕಲು ಗಂಡ, ಸೊಸೆ, ಮತ್ತು ಅವಳು.

ಎಲ್ಲರೂ ಹೊಳೆ ನೋಡುತ್ತಿದ್ದರು. ಅಷ್ಟು ಆಸಕ್ತಿಯಿಂದ ಯಾರೂ ಹೊಳೆ ನೋಡಿದ್ದನ್ನು ವೀರಭದ್ರಮ್ಮ ಕಂಡಿರಲಿಲ್ಲ. "ನಾನೂ ಒಂಚೂರು ಹರಗೋಲದಾಗ ಕುಂತು ನೋಡತೀನಿ, ಸಣ್ಣಾಕಿದ್ದಾಗ ಕುಂತದ್ದು," ಎಂದು ಸೆರಗು ಸಿಕ್ಕಿಸಿ ಕಾಲು ಎತ್ತಿ ಇಟ್ಟಳು. ಅವಳ ಎರಡನೇ ಕಾಲು ದೋಣಿ ಬಿಟ್ಟದ್ದೇ ತಡ, ಇಂಜಿನ್ನು ಕಿರುಚಿತು, ದೋಣಿ ಹಗ್ಗ ಹರಿದ ಕರುವಿನಂತೆ ನೆಗೆದು ಮೇಲಕ್ಕೆ ಓಡಿತು. ಹಿಂದೆ ಕುಂತ ಶಂಭುಲಿಂಗಪ್ಪ "ಏರಿತಲೇ! ಏರಿತು!" ಎಂದು ಸಂತೋಷದಿಂದ ಕೂಗಿದ. ಆಮೇಲೆ ಅದರ ಅರ್ಥ ಹೊಳೆದು ಬಾಯಿ ಮುಚ್ಚಿಕೊಂಡ. ಅದನ್ನು ನಿಲ್ಲಿಸುವುದು ಅವನಿಗೆ ಗೊತ್ತಿರಲಿಲ್ಲ. ಸೊಸೆ "ಮಾವಾರ, ಮಾವಾರ!" ಎನ್ನುತ್ತಿದ್ದಂತೆ ಇಬ್ಬರೂ ತಿರುವಿನಾಚೆ ಮರೆಯಾದರು.

ಈ ಕಡೆ ಹರಿಗೋಲು ಒಂದು ಬದಿಗೆ ವಾಲಿ, ಮೇಕೆಗಳೆರಡೂ ಜಾರಿ ಬಂದು ವೀರಭದ್ರಮ್ಮನ ಮಡಿಲಲ್ಲಿ ಕುಂತವು.

"ಯವ್ವಾ," ಎಂದ ತಾಯಣ್ಣ, ದನಿಯನ್ನು ಎಷ್ಟು ಆಗುತ್ತದೋ ಅಷ್ಟು ಮೃದು ಮಾಡಿ, "ಒಂದೀಟು ನಡುವ ಕುಂದರ್ರಿ."

ಆ ದಿನ ಉಳಿದವರು ಚಹಾ ಕುಡಿಯಲು ಮುಟ್ಟಿದ್ದು ಹರಿಗೋಲಿನಲ್ಲೇ. ಶಂಭುಲಿಂಗಪ್ಪನ ದೋಣಿ ಮೇಲೆಲ್ಲೋ ಪೆಟ್ರೋಲು ಮುಗಿದು ತಾನಾಗಿ ನಿಂತಿತ್ತು. ಮೀನು ಹಿಡಿಯುವವರು ಹಗ್ಗ ಕಟ್ಟಿ ಎಳೆದುತಂದರು.

ಮನೆಗೆ ಬಂದ ಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಅದೇ ವೀರಭದ್ರಮ್ಮನಿಗೆ ತಡೆಯದಾಯಿತು. ಗಂಡ ಏನಾದರೂ ಅಂದಿದ್ದರೆ ಎದುರು ನಾಲ್ಕು ಅಂದು ಮುಗಿಸಬಹುದಿತ್ತು. ಅವನು ಅತಿ ಮರ್ಯಾದೆ ತೋರಿಸತೊಡಗಿದ. ಕುರ್ಚಿ ಕೊಡುವಾಗ ಅದರ ಕಾಲು ಅಲುಗಾಡಿಸಿ ನೋಡಿ ಕೊಟ್ಟ. ರೊಟ್ಟಿ ತಟ್ಟುತ್ತ ಅವಳು ತನ್ನಷ್ಟಕ್ಕೇ ಮಾತಾಡಿಕೊಂಡಳು. ಹಿಟ್ಟಿನ ಮುದ್ದೆಗೆ ಬೀಳುವ ಏಟಿನ ಸದ್ದಿಗೆ ಪಕ್ಕದ ಮನೆಯವರು ಏನಾಯಿತೆಂದು ಬಂದು ಕೇಳಿದರು.

ಅಲ್ತಾಫ್ ಫೋನು ಮಾಡಿದ. ಸಣ್ಣ ಇಂಜಿನ್ನು ವಾಪಸ್ ತೆಗೆದುಕೊಂಡು ಬೇರೆ ಕೊಡುತ್ತೇನೆ, ಆದರೆ ಈ ಸಲ ತೂಕ ಖರೆ ಬೇಕು ಎಂದ. ಶಂಭುಲಿಂಗಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಏನಿಲ್ಲ, ಆ ಅಲ್ತಾಫ್ ಕೇಳಾಕತ್ತಿದ್ದ. ಅಂದಾಜ್ ಹೇಳಿದ್ರೂ ನಡೀತದಂತ. ಈಗ ಐವತ್ತೆಂಟು ಅನ್ನೋದು... ಅದು ಚಪ್ಪಲಿ ಬಿಟ್ಟೋ, ಹಾಕ್ಕೊಂಡೋ?"

ವೀರಭದ್ರಮ್ಮ ಹಿಟ್ಟಿನ ಮುದ್ದೆ ಕೆಳಗಿಟ್ಟಳು. ರಾತ್ರಿಯಿಂದ ಯೋಚಿಸಿಟ್ಟ ಮಾತು ಹೊರಗೆ ಬಂತು. "ದೋಣಿಗಿ ನನ್ನ ತೂಕ ಎಷ್ಟು, ಸೊಸಿ ತೂಕ ಎಷ್ಟು ಅಂತ ಬಿಡಿಸಿ ಗೊತ್ತಾಗತದೇನು? ಇಲ್ಲಲ್ಲ. ಅದಕ್ಕ ಎಲ್ಲಾರದೂ ಕೂಡಿ ಒಂದು. ನಾಳಿ ಮೌನೇಶನ್ನ ಕರಸ್ರಿ. ಮಿಲ್ಲಿನ ವೇಬ್ರಿಜ್ ಮ್ಯಾಲ ಎಲ್ಲಾರೂ ಒಮ್ಮಿಗೇ ಹತ್ತೋದು, ಒಮ್ಮಿಗೇ ಇಳಿಯೋದು. ಯಾರರೇ ಒಂದು ಹೆಜ್ಜಿ ಮುಂದ ಹಿಂದ ಆದ್ರೋ, ಆ ದೋಣ್ಯಾಗ ಮತ್ತ ಕೋಳಿ ಸಾಕತೀನಿ."

ಶಂಭುಲಿಂಗಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ಇಷ್ಟು ವರ್ಷ ಮಿಲ್ಲು ನಡೆಸಿ ತನಗೆ ಇದು ಹೊಳೆಯಲಿಲ್ಲವಲ್ಲ ಎನ್ನುವ ಮುಖ.

ಮರುದಿನ ವೇಬ್ರಿಜ್ಜಿನ ಮುಂದೆ ಭತ್ತದ ಲಾರಿಗಳ ಸಾಲು. ಸಾಲಿನ ಮುಂದೆ ವೀರಭದ್ರಮ್ಮನ ಸಂಸಾರ ನಿಂತಿತ್ತು, ಜಾಕೀಟು ತೊಟ್ಟುಕೊಂಡು, ಹೋಳಿಗೆ ಡಬ್ಬಿ, ರೊಟ್ಟಿ ಗಂಟು, ಪೆಟ್ರೋಲ್ ಕ್ಯಾನು, ಅಕ್ಕಿ ಚೀಲ ಹಿಡಿದುಕೊಂಡು. ಹೊಳೆಗೆ ಏನೇನು ಹೋಗುತ್ತದೋ ಅದೆಲ್ಲ ಇರಲಿ ಎಂದಿದ್ದಳು. ಕಾಟಾ ನೋಡಿಕೊಳ್ಳುವ ಅಂಬರೀಶ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದ.

"ಹತ್ರಿ!" ಎಂದಳು. ಎಲ್ಲರೂ ಹತ್ತಿದರು. ಹಿಂದಿನ ಲಾರಿಯ ಡ್ರೈವರ್ ಹಾರನ್ ಹೊಡೆದು, "ಏನು ಮಾಲ್ರೀ ಅದು?" ಎಂದು ಕೂಗಿದ.

"ಸಾವ್ಕಾರ್ರ ಮನಿ ಮಾಲು!" ಎಂದ ಅಂಬರೀಶ. ಮಾಲಿನ ಹೆಸರು ಹಾಕದೆ ಅವನ ಕಂಪ್ಯೂಟರ್ ಮುಂದೆ ಹೋಗುತ್ತಿರಲಿಲ್ಲ. ಸ್ವಲ್ಪ ಯೋಚಿಸಿ 'ಸೋನಾ ಮಸೂರಿ' ಎಂದು ಒತ್ತಿದ. "ನಾನೂರಾ ಎಪ್ಪತ್ತು ಕೇಜಿ!"

"ಇಳೀರಿ!"

ಎಲ್ಲರೂ ಒಟ್ಟಿಗೆ ಹಾರಿದರು. ಶಂಭುಲಿಂಗಪ್ಪ ಮಾತ್ರ ಏನೋ ಲೆಕ್ಕ ಹಾಕುವವನಂತೆ ಒಂದು ಗಳಿಗೆ ತಡೆದ. ವೀರಭದ್ರಮ್ಮ ಅವನ ಅಂಗಿ ಹಿಡಿದು ಎಳೆದಳು. ಅಂಗಿಯ ಎರಡು ಗುಂಡಿ ವೇಬ್ರಿಜ್ಜಿನ ಮೇಲೆ ಉಳಿದವು, ಕಾಟಾ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಡಬ್ಬಿ ಹೊತ್ತು ಮನೆಯ ಕಡೆ ಬರುವಾಗ ಸ್ವಪ್ನಾ ಪಕ್ಕಕ್ಕೆ ಬಂದಳು. "ಅತ್ತಿ, ಅವತ್ತು ನಾನೂ ಐವತ್ತು ಅಂತ ಹೇಳಿದ್ದೆ. ಅದಕ್ಕಿಂತ ಜಾಸ್ತಿ ಅದೀನ್ರಿ ನಾನು."

"ಗೊತ್ತದ ತಗಿ. ನಿನ್ನ ಕುಬಸದ ಅಳತಿ ದರ್ಜಿಗಿ ಹೇಳೋದು ನಾನಽ ಅಲ್ಲೇನು?" ಎಂದಳು ವೀರಭದ್ರಮ್ಮ. ಇಬ್ಬರೂ ಗೇಟಿನ ತನಕ ನಕ್ಕರು. ಗೇಟಿನಾಚೆ ಮತ್ತೆ ನೆನಪಾಗಿ ಇನ್ನೊಂದು ಸಲ ನಕ್ಕರು.

ಅಲ್ತಾಫನ ಷಡ್ಡಕ ಹೊಸ ಅಂಕಿಯನ್ನು ಎರಡು ಸಲ ಕೇಳಿ ಬರೆದುಕೊಂಡನಂತೆ. ಆಮೇಲೆ ಒಂಬತ್ತು ಪಾಯಿಂಟ್ ಒಂಬತ್ತು ಎಚ್‌ಪಿ ಇಂಜಿನ್ ಕಳಿಸಿದ. ಶಂಭುಲಿಂಗಪ್ಪ ಅದರ ಮೇಲಿನ ಅಂಕಿ ನೋಡಿ ರಾಯಚೂರಿಗೆ ಓಡಿದ.

"ಅಲ್ತಾಫ್, ಹತ್ತು ಯಾಕಿಲ್ಲ ಇದು? ಹತ್ತನೇ ಕುದುರಿ ಬಾಲ ಯಾರು ಕತ್ತರಿಸಿದ್ರು? ನೀನೋ, ನಿನ್ನ ಷಡ್ಡಕನೋ?"

"ಅಲ್ಲಾನ ಆಣಿ ಸಾವ್ಕಾರ್ರ, ಕಂಪನಿಯವರಽ ಹಿಂಗ ಮಾಡ್ಯಾರ!"

"ಒಂಬತ್ತು ಕುದುರಿ ಆಗತದ, ಹತ್ತು ಕುದುರಿ ಆಗತದ. ಬಾಲ ಇಲ್ಲದ ಕುದುರಿ ಯಾವ ಲೆಕ್ಕ?" ಕೊನೆಗೆ ಅಲ್ತಾಫ್ ಬಾಲದ ಬದಲಿಗೆ ಒಂದು ಡಬ್ಬಿ ಆಯಿಲ್ ಪುಕ್ಕಟೆ ಕೊಟ್ಟು ಕಳಿಸಿದ.

ಇಂಜಿನ್ನು ಕೂಡಿಸಲು ಅಲ್ತಾಫ್ ತಾನೇ ದಂಡೆಗೆ ಬಂದ. ಭಾರದ ಇಂಜಿನ್ನು ಹಿಂದಿರುವುದರಿಂದ ಮುಂದೆ ಯಾರಾದರೂ ತೂಕದವರು ಕುಂತರೆ ದೋಣಿ ಸಮ ಇರುತ್ತದೆ ಎಂದು ಷಡ್ಡಕ ಹೇಳಿದ್ದಾನೆ ಎಂದ. ಮುಂದಿನ ಹಲಗೆ ಖಾಲಿ ಉಳಿಯಿತು. ಮೌನೇಶ ಅದರ ಕಡೆ ಬೆನ್ನು ಹಾಕಿ ನಿಂತ. ವೀರಭದ್ರಮ್ಮ ಅದನ್ನು ನೋಡಲೇ ಇಲ್ಲ. ಬಸವಲಿಂಗ ಅಕ್ಕಿ ಚೀಲವನ್ನು ಮುಂದಿಟ್ಟು ಜಗಳ ತಪ್ಪಿಸಿದ.

ಹಿಡಿಕೆ ಹಿಡಿದದ್ದು ಶಂಭುಲಿಂಗಪ್ಪ. ಇಷ್ಟು ದೊಡ್ಡ ಇಂಜಿನ್ ಬಂದಮೇಲೆ ಮಗನಿಗೆ ಬಿಟ್ಟುಕೊಡುವವನಲ್ಲ. ದೋಣಿ ಈ ಸಲ ಗತ್ತಿನಿಂದ ಹೊರಟಿತು. ಜಾಲಿ ಗಿಡ ಬಂತು, ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಹೊಳೆಯ ನಡುವಿನ ಬಂಡೆ ಎದುರಾದಾಗ ಶಂಭುಲಿಂಗಪ್ಪ ಬಲಕ್ಕೆ ಹೋಗಬೇಕೆಂದು ಹಿಡಿಕೆಯನ್ನು ಬಲಕ್ಕೇ ಒತ್ತಿದ. ದೋಣಿ ಎಡಕ್ಕೆ ತಿರುಗಿ ನೇರ ದಂಡೆಯ ಕಬ್ಬಿಗೆ ನುಗ್ಗಿತು. ಬಿಡಿಸಿಕೊಂಡು ಹೊರಟರು. ಮತ್ತೆ ಅದೇ ಬಂಡೆ, ಮತ್ತೆ ಅದೇ ಕಬ್ಬು. ಎರಡನೇ ಸಲ ಕಬ್ಬಿನವನು ಎದ್ದು ಬಂದು ನಿಂತಿದ್ದ.

"ಎದ್ದೇಳ್ರಿ ಅಲ್ಲಿಂದ," ಎಂದಳು ವೀರಭದ್ರಮ್ಮ.

"ನಿನಗೇನು ತಿಳೀತದ ಇದು?"

"ಬಲಕ್ಕ ಹೋಗಬೇಕಂದ್ರ ಎಡಕ್ಕ ಒತ್ತಬೇಕು, ಎಡಕ್ಕ ಹೋಗಬೇಕಂದ್ರ ಬಲಕ್ಕ. ಮದುವಿ ಆದಾಗಿನಿಂದ ನಿಮ್ಮ ಕೂಡ ಹಂಗಽ ನಡಸೀನಿ. ನನಗೇನು ಹೊಸಾದು?"

ಮೌನೇಶನ ನಗು ಕೆಮ್ಮಾಗಿ ಹೊರಬಂತು. ಶಂಭುಲಿಂಗಪ್ಪ ಎದ್ದು ಮುಂದೆ ಹೋಗಿ ಅಕ್ಕಿ ಚೀಲದ ಮೇಲೆ ಕುಂತ. ವೀರಭದ್ರಮ್ಮ ಹಿಂದಿನ ಹಲಗೆಯ ಮೇಲೆ ಕಾಲು ಮಡಿಚಿ, ರೊಟ್ಟಿ ತಟ್ಟಲು ಕೂತಂತೆ ಕೂತು ಹಿಡಿಕೆ ಹಿಡಿದಳು. ಅಂಗೈಯಲ್ಲಿ ಇಂಜಿನ್ನು ಗುರುಗುಟ್ಟುತ್ತಿತ್ತು. ಎಡಕ್ಕೆ ಒಂದಿಷ್ಟು ಒತ್ತಿದಳು. ದೋಣಿ ಹೇಳಿದ ಮಾತು ಕೇಳುವ ಹಾಗೆ ಬಲಕ್ಕೆ ಸರಿದು ಬಂಡೆಯನ್ನು ಬಳಸಿ ಹೋಯಿತು. ಇಷ್ಟು ವರ್ಷದಲ್ಲಿ ಯಾವುದೂ ಇಷ್ಟು ಬೇಗ ಅವಳ ಮಾತು ಕೇಳಿರಲಿಲ್ಲ.

ರೇಸು ಹೆಚ್ಚಿಸಿದಳು. ಸ್ವಪ್ನಾ ಕಿರುಚಿದಳು, ಅಂಜಿಕೆಯಿಂದಲ್ಲ. ಶಂಭುಲಿಂಗಪ್ಪನ ಟವೆಲ್ ಹಾರಿ ಹೊಳೆಯ ಪಾಲಾಯಿತು. "ಸಾವಕಾಶ ಬೇ! ಸಾವಕಾಶ!" ಎಂದು ಅವನು ಕೂಗಿದ. ಯಂತ್ರವೊಂದಕ್ಕೆ ಅವನು ಸಾವಕಾಶ ಎಂದದ್ದು ಅದೇ ಮೊದಲು.

ಆಚೆ ದಂಡೆಯಲ್ಲಿ ವಿಜಯಲಕ್ಷ್ಮಿ, ಅವಳ ಅತ್ತೆ ಗದ್ದೆಮ್ಮ, ಬಟ್ಟೆ ಒಗೆಯುವ ನಾಲ್ಕಾರು ಹೆಂಗಸರು ನಿಂತಿದ್ದರು. ದಂಡೆ ಹತ್ತಿರ ಹತ್ತಿರ ಬಂದಂತೆ ವೀರಭದ್ರಮ್ಮನಿಗೆ ಒಂದು ವಿಷಯ ಹೊಳೆಯಿತು: ನಿಲ್ಲಿಸುವುದು ಹೇಗೆಂದು ಈ ಸಲವೂ ಯಾರೂ ಅಲ್ತಾಫನನ್ನು ಕೇಳಿರಲಿಲ್ಲ.

"ಅಲ್ತಾಫಾ, ನಿಲ್ಲಸೋದು ಹೆಂಗೋ?" ಎಂದು ಹಿಂದೆ ತಿರುಗಿ ಕೂಗಿದಳು. ಅಲ್ತಾಫ್ ಆ ದಂಡೆಯಲ್ಲಿ ಚುಕ್ಕಿಯಾಗಿ ಕಾಣುತ್ತಿದ್ದ. ಕೈ ಬೀಸಿದ. ಬಸವಲಿಂಗ ಹಾರಿ ಬಂದು ಕೆಂಪು ಗುಂಡಿ ಒತ್ತಿದ. ಇಂಜಿನ್ನು ಸುಮ್ಮನಾಯಿತು, ದೋಣಿ ಸುಮ್ಮನಾಗಲಿಲ್ಲ. ಹೆಂಗಸರು ಬಟ್ಟೆ ಬಿಟ್ಟು ಎರಡೂ ಕಡೆ ಓಡಿದರು. ದೋಣಿ ಮರಳಿನ ಮೇಲೆ ಸರ್ರನೆ ಏರಿ, ಒಣಹಾಕಿದ್ದ ಕೌದಿಯೊಂದನ್ನು ಮೂತಿಗೆ ಸುತ್ತಿಕೊಂಡು, ಗದ್ದೆಮ್ಮನ ಬಿಂದಿಗೆಯ ಮುಂದೆ ನಿಂತಿತು. ಶಂಭುಲಿಂಗಪ್ಪ ಅಕ್ಕಿ ಚೀಲ ಅಪ್ಪಿಕೊಂಡು ಕಣ್ಣು ಮುಚ್ಚಿದ್ದ.

"ಬರ್ರಿ ಬೀಗ್ತ್ಯಾರ," ಎಂದಳು ಗದ್ದೆಮ್ಮ, ಏನೂ ಆಗಿಲ್ಲವೆಂಬಂತೆ. "ಭಾಳ ಲಗೂನ ಬಂದ್ರಿ."

ವೀರಭದ್ರಮ್ಮ ಗತ್ತಿನಿಂದ ಇಳಿದು, ಕೌದಿ ಬಿಡಿಸಿ, ಮರಳು ಕೊಡವಿ, ಮಡಚಿ ಗದ್ದೆಮ್ಮನ ಕೈಗೆ ಕೊಟ್ಟಳು. ವಿಜಯಲಕ್ಷ್ಮಿ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ಹೊಟ್ಟೆಯ ಮೇಲಿನ ಸುತಳಿ ಗಂಟು ಅವಳಿಗೆ ಚುಚ್ಚಿತು.

"ಇದೇನ ಯವ್ವಾ, ಜಾಕೀಟಿಗಿ ಸುತಳಿ?"

"ಬಿಡ, ಮೊದಲು ಚಹಾ ಮಾಡು," ಎಂದಳು ವೀರಭದ್ರಮ್ಮ. "ನಿಮ್ಮಪ್ಪ ಅಕ್ಕಿ ಚೀಲ ಇನ್ನೂ ಬಿಟ್ಟಿಲ್ಲ, ಅವರಿಗಿ ಸಕ್ರಿ ಒಂದು ಚಮಚ ಜಾಸ್ತಿ ಹಾಕು."